ಅಡಿಕೆ ಕೊಯ್ಲಿನ ಒಂದು ಸುಗ್ಗಿಯಲ್ಲಿ ನಮ್ಮ ಜನಾಂಗೀಯ ಪೂರ್ವಗ್ರಹಗಳನ್ನು ನಾವೇ ಪರಿಶೀಲಿಸಿಕೊಳ್ಳುವ ಕ್ರಮ

ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ತೋಟಗಳಲ್ಲಿಯೂ ಕೊಪ್ಪ, ಮೂಡಿಗೆರೆಯ ಕಾಫಿ ತೋಟದ ಲೈನ್ ಮನೆಗಳಲ್ಲಿಯೂ ಈಗ ಕಿವಿಗೆ ಬೀಳುವ ಭಾಷೆಗಳು ನಮ್ಮ ಹಿರಿಯರ ಕಾಲದಲ್ಲಿ ಇಲ್ಲಿ ಕೇಳಿಬರುತ್ತಿರಲಿಲ್ಲ. ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಬರುತ್ತಿದ್ದ ಕೆಲಸದವರು ಕಡಿಮೆಯಾದಂತೆ ಅಸ್ಸಾಂ, ಜಾರ್ಖಂಡ್, ಒಡಿಶಾ, ಬಿಹಾರಗಳಿಂದ ಜನ ಬರತೊಡಗಿದರು. ಶಿವಮೊಗ್ಗದ ಪೇಟೆಗೆ ಹೋದರೆ ಮೊಮೊ ಗಾಡಿಯಲ್ಲಿ, ಬ್ಯೂಟಿ ಪಾರ್ಲರಿನಲ್ಲಿ, ಚಳಿಗಾಲದ ಸ್ವೆಟರ್ ಅಂಗಡಿಯಲ್ಲಿ ನಮಗಿಂತ ಬೇರೆ ಮುಖಲಕ್ಷಣದವರು ಸಿಗುತ್ತಾರೆ. ಅವರನ್ನು ನಾವು ದ್ವೇಷಿಸುವುದಿಲ್ಲ ಎಂಬುದು ನಮ್ಮಲ್ಲಿ ಹೆಚ್ಚಿನವರ ಪ್ರಾಮಾಣಿಕ ನಂಬಿಕೆಯಾಗಿದೆ, ನನ್ನದೂ ಅದೇ ಆಗಿತ್ತು. ಆದರೆ ಪೂರ್ವಗ್ರಹವನ್ನು ದ್ವೇಷದಲ್ಲಿ ಹುಡುಕಿದರೆ ಅದು ಸಿಗುವುದು ಅಪರೂಪ. ಅದು ನಾವು ಬಳಸುವ ಸರ್ವನಾಮದಲ್ಲಿ, ಮೆಚ್ಚುಗೆಯ ಮಾತಿನ ನಡುವಿನ ಒಂದು ಪ್ರತ್ಯಯದಲ್ಲಿ, ಚಹಾದ ಲೋಟದಲ್ಲಿ, ಮುಂಗಡದ ಲೆಕ್ಕಪುಸ್ತಕದಲ್ಲಿ ಅಡಗಿರುತ್ತದೆ. ಅಲ್ಲಿ ಹುಡುಕುವ ಬಗೆ ಹೇಗೆ ಎಂಬುದನ್ನು, ನಾನು ಎರಡು ಸುಗ್ಗಿಗಳಲ್ಲಿ ಮಾಡಿ ನೋಡಿದ ಕ್ರಮದಲ್ಲಿಯೇ, ಇಲ್ಲಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಪದವನ್ನು ಬಿಡಿಸಿಕೊಳ್ಳುವುದು

‘ಜನಾಂಗ’ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಸಮುದಾಯ ಭವನದ ಮುಂದಿನ ಫ್ಲೆಕ್ಸಿನಲ್ಲಿ ‘ನಮ್ಮ ಜನಾಂಗದ ಬಂಧುಗಳಿಗೆ ಸ್ವಾಗತ’ ಎಂದು ಬರೆದಿದ್ದರೆ ಅದರ ಅರ್ಥ ಜಾತಿ ಎಂದೇ. ಇನ್ನು ‘ಜನಾಂಗೀಯ ತಾರತಮ್ಯ’ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅಮೆರಿಕ ಅಥವಾ ದಕ್ಷಿಣ ಆಫ್ರಿಕಾ. ಹೀಗೆ ಒಂದು ಅರ್ಥ ನಮ್ಮ ಭವನದೊಳಗೆ ಉಳಿದು, ಇನ್ನೊಂದು ಕಡಲಾಚೆ ಹೋಗಿ, ನಡುವಿನದು ಹೆಸರಿಲ್ಲದೆ ತಪ್ಪಿಸಿಕೊಳ್ಳುತ್ತದೆ. ಸಂವಿಧಾನದ 15ನೆಯ ವಿಧಿಯು ಧರ್ಮ, ಮೂಲವಂಶ, ಜಾತಿ, ಲಿಂಗ, ಜನ್ಮಸ್ಥಳ ಎಂಬ ಐದು ಆಧಾರಗಳನ್ನು ಪ್ರತ್ಯೇಕವಾಗಿ ಹೆಸರಿಸಿ, ಇವುಗಳ ಮೇಲೆ ಪ್ರಭುತ್ವವು ಭೇದ ಮಾಡಬಾರದು ಎನ್ನುತ್ತದೆ. ನಾವು ಇಲ್ಲಿ ಪರಿಶೀಲಿಸಬೇಕಾದದ್ದು ಮೂಲವಂಶ ಮತ್ತು ಜನ್ಮಸ್ಥಳಗಳನ್ನು, ಅಂದರೆ ಒಬ್ಬರ ಮೈಬಣ್ಣ, ಕಣ್ಣು, ಮೂಗು, ಕೂದಲು, ಹುಟ್ಟಿದ ಸೀಮೆ ಇವುಗಳನ್ನು ನೋಡಿ ಅವರ ಗುಣವನ್ನು ಮೊದಲೇ ನಿರ್ಧರಿಸುವ ನಮ್ಮ ಅಭ್ಯಾಸವನ್ನು. ಜೀವವಿಜ್ಞಾನದಲ್ಲಿ ಈ ಅಭ್ಯಾಸಕ್ಕೆ ಆಧಾರವಿಲ್ಲ. ಯಾವುದೇ ಇಬ್ಬರು ಮನುಷ್ಯರ ಡಿಎನ್‌ಎ ಶೇ. 99.9ರಷ್ಟು ಒಂದೇ ಆಗಿರುತ್ತದೆ. ಮೈಬಣ್ಣವು ಪೂರ್ವಿಕರು ಬಾಳಿದ ನಾಡಿನ ಬಿಸಿಲಿಗೆ ತಕ್ಕಂತೆ ಚರ್ಮದಲ್ಲಿ ಮೆಲನಿನ್ ಹೆಚ್ಚುಕಡಿಮೆಯಾದುದರ ಫಲವೇ ಹೊರತು ಶೀಲದ ಸೂಚನೆಯಲ್ಲ.

ಜಾತಿಯ ಪರಿಶೀಲನೆ ಬೇರೆಯದೇ ಕೆಲಸ, ಇದಕ್ಕಿಂತ ದೊಡ್ಡದು. ಆದರೂ ಒಂದು ಮಾತು ಹೇಳಬೇಕು: ಹೊಸ ಮುಖದವರೊಂದಿಗೆ ನಾವು ನಡೆದುಕೊಳ್ಳುವ ಅನೇಕ ರೀತಿಗಳು ನಮಗೆ ಹೊಸತಾಗಿ ಬಂದವಲ್ಲ. ಜಾತಿಗಾಗಿ ಹಿತ್ತಿಲ ಬಾಗಿಲ ಬಳಿ ಕವುಚಿಟ್ಟಿದ್ದ ಲೋಟವನ್ನೇ ಈಗ ಬೇರೊಬ್ಬರ ಮುಂದೆ ಇಡುತ್ತಿದ್ದೇವೆ.

ಎರಡನೆಯ ಹೆಜ್ಜೆ: ಒಂದು ಪುಸ್ತಕ ಇಡುವುದು

ಅಂಗಿಯ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕ ಸಾಕು. ಕೊಯ್ಲು ಆರಂಭವಾಗುವ ದಿನದಿಂದ ಕನಿಷ್ಠ ಎರಡು ತಿಂಗಳು ಇದನ್ನು ಬರೆಯಬೇಕು, ಏಕೆಂದರೆ ಕೆಲಸದ ಒತ್ತಡ ಹೆಚ್ಚಿದಾಗಲೇ ನಾವು ಯೋಚಿಸದೆ ಮಾತನಾಡುತ್ತೇವೆ. ಪ್ರತಿ ರಾತ್ರಿ, ಕೂಲಿಯ ಲೆಕ್ಕ ಬರೆಯುವ ಹೊತ್ತಿನಲ್ಲಿಯೇ, ಮೂರು ಸಂಗತಿಗಳನ್ನು ದಾಖಲಿಸಬೇಕು: ನಡೆದದ್ದೇನು, ನನ್ನ ಮನಸ್ಸಿಗೆ ಮೊದಲು ಬಂದದ್ದೇನು, ಅದೇ ಜಾಗದಲ್ಲಿ ನಮ್ಮ ಊರಿನವರೇ ಇದ್ದಿದ್ದರೆ ಏನು ಬರುತ್ತಿತ್ತು.

ಘಟನೆಯನ್ನು ಬರೆಯಬೇಕೇ ಹೊರತು ತೀರ್ಪನ್ನಲ್ಲ. ‘ನಾನು ಸಂಕುಚಿತ ಮನಸ್ಸಿನವನು’ ಎಂದು ಬರೆದರೆ ಪಶ್ಚಾತ್ತಾಪದ ಸುಖ ಸಿಗುತ್ತದೆಯೇ ವಿನಾ ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ. ‘ಬೆಳಿಗ್ಗೆ ಎಂಟಕ್ಕೆ ಚಹಾ ಕೊಡುವಾಗ ಕೊನೆಗೌಡನಿಗೆ (ಮರ ಹತ್ತಿ ಅಡಿಕೆಗೊನೆ ಕೊಯ್ಯುವವನಿಗೆ) ಸ್ಟೀಲ್ ಲೋಟ, ಜಾರ್ಖಂಡಿನ ನಾಲ್ವರಿಗೆ ಕಾಗದದ ಲೋಟ’ ಎಂದು ಬರೆದರೆ ಮರುದಿನ ಬೆಳಿಗ್ಗೆ ಎಂಟಕ್ಕೆ ಮಾಡಬೇಕಾದ ಕೆಲಸವೊಂದು ಸಿಗುತ್ತದೆ. ಮೊದಲ ವಾರದ ಪುಟಗಳು ಬಹುತೇಕ ಖಾಲಿಯಾಗಿರುತ್ತವೆ. ಅದನ್ನು ನೋಡಿ ಹಿಗ್ಗಬಾರದು, ಕಣ್ಣು ಇನ್ನೂ ಪಳಗಿಲ್ಲ ಎಂದಷ್ಟೇ ತಿಳಿಯಬೇಕು.

ಮೂರನೆಯ ಹೆಜ್ಜೆ: ಸರ್ವನಾಮಗಳನ್ನು ಎಣಿಸುವುದು

ಈ ಪರಿಶೀಲನೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಈ ಹೆಜ್ಜೆ, ಆದುದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ಒಂದು ಸಂಜೆ ನಾನು ಮನೆಯೊಳಗೆ ಬಂದು, “ಅಸ್ಸಾಮಿನವು ಇವತ್ತೂ ತಡ ಮಾಡಿ ಬಂದ್ವು” ಎಂದೆ. ಕಾಲೇಜಿನಿಂದ ಬಂದಿದ್ದ ಮಗಳು ತಲೆಯೆತ್ತದೆ, “ಅವು ಅಂದ್ರೆ ದನವಾ, ಅಪ್ಪಯ್ಯ?” ಎಂದು ಕೇಳಿದಳು. ನಮ್ಮ ಕಡೆ ಮಕ್ಕಳನ್ನೂ ಕೆಲಸದವರನ್ನೂ ‘ಅವು’ ಎನ್ನುವುದು ರೂಢಿ, ಅದರಲ್ಲಿ ಕೆಟ್ಟ ಉದ್ದೇಶವಿಲ್ಲ ಎಂದು ನಾನು ವಾದಿಸಿದೆ. ವಾದ ಅರ್ಧ ನಿಜವಾಗಿತ್ತು. ಮರುದಿನದಿಂದ ಎಣಿಸತೊಡಗಿದಾಗ ಉಳಿದರ್ಧ ಕಾಣಿಸಿತು: ನಮ್ಮೂರಿನ ಕೆಲಸದವರ ವಿಷಯದಲ್ಲಿ ನಾನು ‘ಅವನು’, ‘ಅವಳು’, ವಯಸ್ಸಾದವರಾದರೆ ‘ಅವರು’ ಎನ್ನುತ್ತಿದ್ದೆ. ‘ಅವು’ ಎಂಬುದು ಹೊರಗಿನಿಂದ ಬಂದವರಿಗೆ ಮಾತ್ರ ಮೀಸಲಾಗಿತ್ತು.

ಕನ್ನಡದಲ್ಲಿ ಏಕವಚನ, ಬಹುವಚನ, ನಪುಂಸಕಲಿಂಗ ಎಂಬ ಮೂರು ಮೆಟ್ಟಿಲುಗಳಿರುವುದರಿಂದ ನಮ್ಮ ಮನಸ್ಸಿನ ಅಳತೆಗೋಲು ನಮ್ಮ ವಾಕ್ಯದಲ್ಲಿಯೇ ಇದೆ. ಹೀಗೆ ಮಾಡಿ ನೋಡಬೇಕು. ಒಂದು ವಾರದ ಮಟ್ಟಿಗೆ, ನೀವು ಮಾತನಾಡಿಸಿದ ಅಥವಾ ಪ್ರಸ್ತಾಪಿಸಿದ ಅಪರಿಚಿತರೆಲ್ಲರಿಗೂ ಯಾವ ಸರ್ವನಾಮ ಬಳಸಿದಿರಿ ಎಂದು ಗುರುತು ಹಾಕಿಕೊಳ್ಳಿ. ಜೋಗಕ್ಕೆ ಬಂದ ಬಿಳಿಯ ಪ್ರವಾಸಿ ಇಪ್ಪತ್ತರ ಹುಡುಗನಾದರೂ ‘ಅವರು’ ಆಗುತ್ತಾನೆ. ಐವತ್ತು ದಾಟಿದ ನೇಪಾಳಿ ಕಾವಲುಗಾರ ‘ಅವನು’ ಆಗುತ್ತಾನೆ. ಇವರಿಬ್ಬರ ನಡುವೆ ವಯಸ್ಸು ಕೆಲಸ ಮಾಡಿಲ್ಲ, ಪರಿಚಯವೂ ಕೆಲಸ ಮಾಡಿಲ್ಲ. ಬಣ್ಣವೂ ದುಡ್ಡಿನ ಊಹೆಯೂ ಸೇರಿ ಕೆಲಸ ಮಾಡಿವೆ.

ಹಿಂದಿಯಲ್ಲಿ ಮಾತನಾಡುವಾಗ ಇನ್ನಷ್ಟು ಎಚ್ಚರ ಬೇಕು. ನಮಗೆ ಬರುವ ಹಿಂದಿ ಬಹುಮಟ್ಟಿಗೆ ಆಜ್ಞೆಯ ಹಿಂದಿ: ‘ಇಧರ್ ಆ’, ‘ಜಲ್ದಿ ಕರ್’. ‘ಆಪ್’ ಎಂಬ ಪದ ನಮಗೆ ಗೊತ್ತಿಲ್ಲವೆಂದಲ್ಲ, ಬ್ಯಾಂಕಿನ ಉತ್ತರ ಭಾರತದ ಅಧಿಕಾರಿಯ ಮುಂದೆ ಅದು ತಾನಾಗಿ ಬರುತ್ತದೆ. ಇನ್ನು ಬೋಡೊ, ಸಂತಾಲಿ ಅಥವಾ ಸಾದ್ರಿ ಮನೆಮಾತಾಗಿರುವವರಿಗೂ ಹಿಂದಿ ಕಲಿತ ಭಾಷೆಯೇ. ಇಬ್ಬರೂ ಮುರುಕು ಹಿಂದಿಯಲ್ಲಿ ಮಾತನಾಡುತ್ತಿರುವಾಗ ಅವರ ಮುರುಕು ದಡ್ಡತನವಾಗಿಯೂ ನಮ್ಮದು ಅನುಕೂಲವಾಗಿಯೂ ಕಾಣುವುದಾದರೆ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ: ಮೆಚ್ಚುಗೆಯೊಳಗಿನ ‘ಆದರೂ’

ಬೈಗುಳ ಸುಲಭವಾಗಿ ಸಿಕ್ಕಿಬೀಳುತ್ತದೆ, ಹೊಗಳಿಕೆ ಸಿಕ್ಕಿಬೀಳುವುದಿಲ್ಲ. ‘ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ’, ‘ಬಿಹಾರದವನಾದರೂ ನಿಯತ್ತಿನವನು’, ‘ಆ ಕಡೆಯವರಾದರೂ ಎಷ್ಟು ಚೊಕ್ಕಟ’ ಎಂಬ ಮಾತುಗಳನ್ನು ಆಡಿದವರು ತಾವು ಒಳ್ಳೆಯದನ್ನೇ ಹೇಳಿದೆವೆಂದು ತಿಳಿದಿರುತ್ತಾರೆ. ಈ ವಾಕ್ಯಗಳಿಂದ ‘ಊ’ ಎಂಬ ಒಂದು ಸ್ವರವನ್ನು ಎತ್ತಿ ಹೊರಗಿಟ್ಟು ನೋಡಿದರೆ, ಅದು ಹೊತ್ತು ನಿಂತಿದ್ದ ನಂಬಿಕೆ ಬೆಳಕಿಗೆ ಬರುತ್ತದೆ: ಕಪ್ಪಗಿರುವವರು ಸಾಮಾನ್ಯವಾಗಿ ಲಕ್ಷಣವಾಗಿರುವುದಿಲ್ಲ, ಬಿಹಾರದವರು ಸಾಮಾನ್ಯವಾಗಿ ನಂಬಿಗಸ್ತರಲ್ಲ. ಹೆಣ್ಣು ನೋಡಿ ಬಂದ ಮನೆಯಲ್ಲಿ ನಡೆಯುವ ಮಾತುಕತೆ ಈ ಅಭ್ಯಾಸಕ್ಕೆ ಒಳ್ಳೆಯ ಪಾಠಶಾಲೆ. 2020ರಲ್ಲಿ ಫೇರ್ ಅಂಡ್ ಲವ್ಲಿ ಎಂಬ ಕ್ರೀಮು ತನ್ನ ಹೆಸರನ್ನು ಗ್ಲೋ ಅಂಡ್ ಲವ್ಲಿ ಎಂದು ಬದಲಿಸಿಕೊಂಡಿತು. ನಮ್ಮ ‘ಎಣ್ಣೆಗೆಂಪು’, ‘ಗೋಧಿಬಣ್ಣ’ಗಳು ಜಾತಕದ ಜೊತೆಯಲ್ಲಿ ಇಂದಿಗೂ ಹೋಗುತ್ತಿವೆ.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಗುಂಗುರು ಕೂದಲಿನ ಯುವಕ ಕಂಡಕ್ಟರನೊಂದಿಗೆ ಕನ್ನಡದಲ್ಲಿ ಮಾತನಾಡಿದ್ದನ್ನು ಕೇಳಿ, “ಕನ್ನಡ ಎಷ್ಟು ಚಂದ ಮಾತಾಡ್ತೀರಿ, ಯಾವ ದೇಶ?” ಎಂದೆ. ಆತ ನನ್ನ ಮನೆಯ ಮಾತಿನ ಧಾಟಿಯಲ್ಲಿಯೇ, “ಇಲ್ಲೇ ಯಲ್ಲಾಪುರ. ಎಂತಕ್ಕೆ ಕೇಳಿದ್ರಿ?” ಎಂದರು. ಆ ‘ಎಂತಕ್ಕೆ’ಗೆ ನನ್ನ ಬಳಿ ಉತ್ತರವಿರಲಿಲ್ಲ. ಆತ ಸಿದ್ದಿ ಸಮುದಾಯದವರು. ಆ ಸಮುದಾಯದ ಪೂರ್ವಿಕರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರೂ ಅರಬ್ ವರ್ತಕರೂ ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ತಂದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಿನ ಕಾಡಂಚಿನಲ್ಲಿ ಅವರ ಹಲವು ತಲೆಮಾರುಗಳು ಬಾಳಿವೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಇದೆಲ್ಲವನ್ನೂ ನಾನು ಪತ್ರಿಕೆಯಲ್ಲಿ ಓದಿದ್ದೆ. ಓದಿದ್ದು ಬಸ್ಸಿನ ಸೀಟಿನವರೆಗೆ ಬರಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ‘ನೀವು ಎಲ್ಲಿಯವರು’ ಎಂದು ಕೇಳುವುದು ಮಲೆನಾಡಿನಲ್ಲಿ ತಪ್ಪಲ್ಲ, ನಾವು ಎಲ್ಲರನ್ನೂ ಕೇಳುತ್ತೇವೆ. ಆದರೆ ‘ಯಾವ ಊರು’ ಎಂದು ಕೇಳಬೇಕಾದಲ್ಲಿ ‘ಯಾವ ದೇಶ’ ಎಂಬುದು ಬಾಯಿಗೆ ಬಂದಿದ್ದರೆ, ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ತೀರ್ಮಾನವಾಗಿತ್ತು ಎಂದಾಯಿತು.

ಐದನೆಯ ಹೆಜ್ಜೆ: ಮುಖ ಮತ್ತು ಹೆಸರು

‘ಎಲ್ಲರೂ ಒಂದೇ ಥರ ಕಾಣುತ್ತಾರೆ’ ಎಂಬುದು ನಮ್ಮ ಸಾಮಾನ್ಯ ದೂರು. ಇದು ಸುಳ್ಳಲ್ಲ. ತಾವು ಬೆಳೆದ ಗುಂಪಿನ ಮುಖಗಳನ್ನು ಗುರುತಿಸುವಷ್ಟು ಸುಲಭವಾಗಿ ಬೇರೆ ಗುಂಪಿನ ಮುಖಗಳನ್ನು ಗುರುತಿಸಲು ಮನುಷ್ಯರಿಗೆ ಆಗುವುದಿಲ್ಲ ಎಂಬುದನ್ನು ಮನೋವಿಜ್ಞಾನಿಗಳು ಮತ್ತೆ ಮತ್ತೆ ಕಂಡುಕೊಂಡಿದ್ದಾರೆ. ಅವರಿಗೂ ನಾವು ಒಂದೇ ಥರ ಕಾಣುತ್ತಿರಬಹುದು. ಆದರೆ ಇದು ರೂಢಿಯಿಂದ ಸರಿಹೋಗುವ ಕೊರತೆ. ಅಂಗಳದಲ್ಲಿ ಹರವಿದ ಅಡಿಕೆಯಲ್ಲಿ ಸರಕು ಯಾವುದು, ಬೆಟ್ಟೆ ಯಾವುದು, ರಾಶಿ ಯಾವುದು, ಗೊರಬಲು ಯಾವುದು ಎಂದು ದೂರದಿಂದಲೇ ಹೇಳುವ ಕಣ್ಣಿಗೆ ಆರು ಜನರನ್ನು ಬೇರೆ ಬೇರೆಯಾಗಿ ಕಾಣಲು ಸಾಧ್ಯವಿಲ್ಲವೆಂದರೆ, ಅದು ಕಣ್ಣಿನ ದೋಷವಲ್ಲ, ನೋಡುವ ಅಗತ್ಯವಿಲ್ಲವೆಂದು ಮನಸ್ಸು ಮೊದಲೇ ತೀರ್ಮಾನಿಸಿದ್ದರ ಫಲ.

ಕೆಲಸಕ್ಕೆ ಬಂದ ಮೊದಲ ದಿನವೇ ಪ್ರತಿಯೊಬ್ಬರ ಪೂರ್ಣ ಹೆಸರು, ಊರು, ಜಿಲ್ಲೆ, ಮನೆಮಾತುಗಳನ್ನು ಅವರಿಂದಲೇ ಹೇಳಿಸಿಕೊಂಡು ಬರೆದುಕೊಳ್ಳಬೇಕು. ಉಚ್ಚಾರಣೆ ಕಷ್ಟವೆಂದು ‘ರಾಜು’ ಎಂದೋ ‘ಬಹದ್ದೂರ್’ ಎಂದೋ ಹೆಸರಿಡಬಾರದು. ಹೀಗೆ ಬರೆದುಕೊಳ್ಳುವಾಗ ‘ಅಸ್ಸಾಮಿಗಳು’ ಎಂಬ ನಮ್ಮ ಮೂಟೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ಬೋಡೊಗಳಿರುತ್ತಾರೆ, ಬಂಗಾಳಿ ಮಾತನಾಡುವ ಮುಸ್ಲಿಮರಿರುತ್ತಾರೆ, ಬ್ರಿಟಿಷರ ಕಾಲದಲ್ಲಿ ಛೋಟಾ ನಾಗಪುರದಿಂದ ಚಹಾ ತೋಟಗಳಿಗೆ ಕರೆದೊಯ್ಯಲ್ಪಟ್ಟ ಆದಿವಾಸಿಗಳ ವಂಶದವರಿರುತ್ತಾರೆ. ಕೆಲವರು ಅಸ್ಸಾಮಿನವರೇ ಆಗಿರುವುದಿಲ್ಲ.

ಆರನೆಯ ಹೆಜ್ಜೆ: ಲೆಕ್ಕಪುಸ್ತಕ ತೆರೆಯುವುದು

ಮಾತು ತಿದ್ದಿಕೊಂಡರೂ ದುಡ್ಡಿನ ವ್ಯವಹಾರದಲ್ಲಿ ಹಳೆಯ ಮನಸ್ಸೇ ಉಳಿದಿರಬಹುದು. ಆದುದರಿಂದ ಕಳೆದ ನಾಲ್ಕೈದು ವರ್ಷಗಳ ಲೆಕ್ಕವನ್ನು ಹರವಿಕೊಂಡು ಕುಳಿತುಕೊಳ್ಳಬೇಕು. ಇದಕ್ಕೆ ಒಂದು ಭಾನುವಾರದ ಮಧ್ಯಾಹ್ನ ಬೇಕು.

ನನ್ನ ಪುಸ್ತಕದಲ್ಲಿ ಕಂಡದ್ದು ಇದು. ಹೊರರಾಜ್ಯದವರು ‘ದುಡ್ಡು ತೆಗೆದುಕೊಂಡು ಓಡಿಹೋಗುತ್ತಾರೆ’ ಎಂದು ನಾನು ನಂಬಿದ್ದೆ, ಆದ್ದರಿಂದ ಕೆಲಸ ಮುಗಿಯುವವರೆಗೆ ಅವರ ಆಧಾರ್ ಕಾರ್ಡಿನ ಮೂಲಪ್ರತಿಯನ್ನೇ ತೆಗೆದಿಟ್ಟುಕೊಳ್ಳುತ್ತಿದ್ದೆ. ನಾಲ್ಕು ವರ್ಷಗಳಲ್ಲಿ ಮುಂಗಡ ಪಡೆದು ಕೆಲಸಕ್ಕೆ ಬಾರದವರು ಮೂವರು. ಮೂವರೂ ನನ್ನ ತಾಲ್ಲೂಕಿನವರೇ. ಅವರಿಂದ ನಾನು ಒಂದು ಚೀಟಿಯನ್ನೂ ಬರೆಸಿಕೊಂಡಿರಲಿಲ್ಲ. ಹೊರರಾಜ್ಯದವರಲ್ಲಿ ಒಬ್ಬರೂ ಓಡಿಹೋಗಿರಲಿಲ್ಲ, ಹಾಗೆಂದು ಅವರ ಪ್ರಾಮಾಣಿಕತೆಯೂ ಸಾಬೀತಾಗಿರಲಿಲ್ಲ, ಏಕೆಂದರೆ ಅವರಿಗೆ ನಾನು ಮುಂಗಡವನ್ನೇ ಕೊಟ್ಟಿರಲಿಲ್ಲ. ನನ್ನ ನಂಬಿಕೆ ಒಮ್ಮೆಯೂ ಪರೀಕ್ಷೆಗೆ ಒಳಗಾಗದೆಯೇ ಅನುಭವವೆಂಬ ಹೆಸರು ಪಡೆದಿತ್ತು. ಊರಿನವನು ಮೋಸ ಮಾಡಿದಾಗ ‘ಅವನು ಸರಿಯಿಲ್ಲ’ ಎನ್ನುತ್ತೇವೆ. ಹೊರಗಿನವನು ಮಾಡಿದ್ದರೆ ‘ಅವರು ಸರಿಯಿಲ್ಲ’ ಎನ್ನುತ್ತಿದ್ದೆವು.

ಲೆಕ್ಕದಲ್ಲಿ ಹುಡುಕಬೇಕಾದ ಇತರ ಸಂಗತಿಗಳು ಹೀಗಿವೆ: ಒಂದೇ ಕೆಲಸಕ್ಕೆ ಎರಡು ಕೂಲಿ ಇದೆಯೇ? ಮರ ಹತ್ತುವವರಿಗೆ ಹೆಚ್ಚು ಕೊಡುವುದು ಕೌಶಲಕ್ಕೆ ಸಲ್ಲುವ ಬೆಲೆ, ಅದರಲ್ಲಿ ತಪ್ಪಿಲ್ಲ. ಅಡಿಕೆ ಸುಲಿಯುವುದರಲ್ಲಿ ಊರಿನವರಿಗೊಂದು ದರ, ಹೊರಗಿನವರಿಗೊಂದು ದರವಿದ್ದರೆ ಅದು ಬೇರೆ. ಜ್ವರ ಬಂದಾಗ ಆಸ್ಪತ್ರೆಗೆ ಯಾರನ್ನು ಜೀಪಿನ ಮುಂದಿನ ಸೀಟಿನಲ್ಲಿ ಕರೆದೊಯ್ದೆವು, ಯಾರಿಗೆ ಮಾತ್ರೆ ಕೊಟ್ಟು ಮಲಗಲು ಹೇಳಿದೆವು? ಕತ್ತಿಯೊಂದು ಕಾಣೆಯಾದಾಗ ಯಾರ ಚೀಲವನ್ನು ಮೊದಲು ನೋಡಿದೆವು? ಪೇಟೆಯಲ್ಲಿ ಮನೆ ಬಾಡಿಗೆಗೆ ಕೊಡುವವರಾದರೆ, ‘ಮನೆ ಆಗಲೇ ಕೊಟ್ಟಾಯಿತು’ ಎಂಬ ಸುಳ್ಳನ್ನು ಯಾರ ಮುಖ ನೋಡಿದ ಮೇಲೆ ಹೇಳಿದೆವು?

ದಾಖಲೆ ಕೇಳುವುದು ತಪ್ಪಲ್ಲ. ಎಲ್ಲರಿಂದಲೂ ಒಂದೇ ಬಗೆಯ ದಾಖಲೆಯ ನಕಲು ಪಡೆದು, ಮೂಲಪ್ರತಿಯನ್ನು ಅಲ್ಲಿಯೇ ಹಿಂದಿರುಗಿಸಬೇಕು. ಮುಖ ನೋಡಿ ‘ಬಾಂಗ್ಲಾದೇಶದವನು’ ಎಂದು ತೀರ್ಮಾನಿಸುವ ಅಧಿಕಾರ ಕಾನೂನಿನಲ್ಲಿ ತೋಟದ ಮಾಲೀಕನಿಗಿಲ್ಲ, ಅದಕ್ಕೆ ಬೇಕಾದ ಜ್ಞಾನವೂ ಅವನಿಗಿಲ್ಲ.

ಏಳನೆಯ ಹೆಜ್ಜೆ: ಅದಲುಬದಲು ಮಾಡಿ ನೋಡುವುದು

ನಿಮ್ಮ ಪುಸ್ತಕದ ಒಂದು ಘಟನೆಯನ್ನು ತೆಗೆದುಕೊಂಡು ಅದರಲ್ಲಿರುವ ವ್ಯಕ್ತಿಯ ಜಾಗದಲ್ಲಿ ನಿಮ್ಮವರನ್ನು ಇಟ್ಟು ಓದಬೇಕು. 2023ರ ಏಪ್ರಿಲಿನಲ್ಲಿ ಸುಡಾನ್‌ನಲ್ಲಿ ಕಾಳಗ ಆರಂಭವಾದಾಗ, ಗಿಡಮೂಲಿಕೆಯ ಎಣ್ಣೆ, ಔಷಧಿ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ಅನೇಕರು ಅಲ್ಲಿ ಸಿಕ್ಕಿಕೊಂಡಿದ್ದರು. ಅವರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯವರೂ ಇದ್ದರು. ಸುದ್ದಿ ಕೇಳಿ ನನ್ನ ಬಾಯಿಂದ ಮೊದಲು ಬಂದದ್ದು, ‘ಇವರು ಅಲ್ಲಿಗೆ ಯಾಕೆ ಹೋದರು’ ಎಂಬ ಮಾತು. ಅಮೆರಿಕದಲ್ಲಿರುವ ನೆಂಟರ ಮಗನ ಬಗ್ಗೆ ನಾನು ಎಂದೂ ಹಾಗೆ ಕೇಳಿಲ್ಲ. ಒಬ್ಬರು ‘ಫಾರಿನ್ನಿನಲ್ಲಿದ್ದಾರೆ’, ಇನ್ನೊಬ್ಬರು ‘ಎಲ್ಲೆಲ್ಲೋ ಅಲೆಯುತ್ತಾರೆ’. ಎರಡೂ ವ್ಯಾಪಾರ, ಉದ್ಯೋಗಗಳಿಗಾಗಿ ಮಾಡಿದ ಸಮುದ್ರಯಾನವೇ ತಾನೆ? ಅಮೆರಿಕದಲ್ಲಿ ಆ ಹುಡುಗನಿಗೆ ಯಾರಾದರೂ ಬಣ್ಣ ನೋಡಿ ಮನೆ ಕೊಡದಿದ್ದರೆ ನಮ್ಮ ರಕ್ತ ಕುದಿಯುತ್ತದೆ. ಆ ಕುದಿತವನ್ನೇ ಈ ಪರೀಕ್ಷೆಗೆ ಉಪಯೋಗಿಸಿಕೊಳ್ಳಬೇಕು.

ಎಂಟನೆಯ ಹೆಜ್ಜೆ: ಭಯದ ಮೂಲ ಹುಡುಕುವುದು

ಒಂದು ನಂಬಿಕೆಯ ಎದುರು ‘ಇದನ್ನು ನಾನು ಕಂಡೆನೇ, ಯಾರಾದರೂ ಹೇಳಿದರೇ, ಫೋನಿಗೆ ಬಂತೇ’ ಎಂದು ಬರೆಯಬೇಕು. 2012ರ ಆಗಸ್ಟಿನಲ್ಲಿ, ಅಸ್ಸಾಮಿನ ಕೊಕ್ರಾಝಾರ್ ಕಡೆಯ ಹಿಂಸಾಚಾರದ ನಂತರ ಹಬ್ಬಿದ ವದಂತಿಗಳಿಂದ ಬೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರ್ಕಾರ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ಕೆಲವು ದಿನ ನಿರ್ಬಂಧ ಹೇರಬೇಕಾಯಿತು. 2014ರ ಜನವರಿಯಲ್ಲಿ ದೆಹಲಿಯ ಅಂಗಡಿಯೊಂದರಲ್ಲಿ ಕೂದಲಿನ ಬಗ್ಗೆ ಗೇಲಿಯಿಂದ ಶುರುವಾದ ಜಗಳ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾನ ಸಾವಿನಲ್ಲಿ ಮುಗಿಯಿತು. ಅದರ ಬಳಿಕ, ಬೇರೆಡೆ ನೆಲೆಸಿದ ಈಶಾನ್ಯದವರ ತೊಂದರೆಗಳನ್ನು ಪರಿಶೀಲಿಸಲು ಕೇಂದ್ರ ಗೃಹ ಸಚಿವಾಲಯ ಬೆಜ್‌ಬರುವಾ ಸಮಿತಿಯನ್ನು ನೇಮಿಸಿತು. 2020ರಲ್ಲಿ ಅದೇ ಮುಖಗಳನ್ನು ‘ಕೊರೊನಾ’ ಎಂದು ಕೂಗಿದ್ದು ಎಲ್ಲರಿಗೂ ನೆನಪಿರಬೇಕು. ಇವುಗಳಲ್ಲಿ ಯಾರು ಯಾರಿಗೆ ಹೆದರಬೇಕಾಯಿತು ಎಂಬುದನ್ನು ನಮ್ಮ ನಂಬಿಕೆಯ ಪಕ್ಕದಲ್ಲಿಟ್ಟು ನೋಡಿದರೆ ಭಯದ ಲೆಕ್ಕ ತಿರುಗಾಮುರುಗಾ ಆಗುತ್ತದೆ.

ಕಂಪ್ಯೂಟರಿನಲ್ಲಿ ಮಾಡುವ ಪರೀಕ್ಷೆಯೊಂದಿದೆ. ಮುಖಗಳನ್ನೂ ಒಳ್ಳೆಯ, ಕೆಟ್ಟ ಪದಗಳನ್ನೂ ಎಷ್ಟು ಬೇಗ ಜೋಡಿಸುತ್ತೇವೆ ಎಂಬುದನ್ನು ಅಳೆಯುವ ಈ ವಿಧಾನವನ್ನು ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದರು. ಕುತೂಹಲಕ್ಕೆ ಮಾಡಬಹುದು. ಆದರೆ ಒಬ್ಬರೇ ಎರಡು ಸಲ ಮಾಡಿದಾಗ ಫಲಿತಾಂಶ ಬದಲಾಗುವುದುಂಟು, ಅದರಿಂದ ವ್ಯಕ್ತಿಯ ನಡವಳಿಕೆಯನ್ನು ಎಷ್ಟರಮಟ್ಟಿಗೆ ಊಹಿಸಬಹುದು ಎಂಬುದರ ಬಗ್ಗೆ ತಜ್ಞರಲ್ಲಿಯೇ ವಾದವಿದೆ. ನನಗಂತೂ ಕೂಲಿಯ ಪುಸ್ತಕವೇ ಹೆಚ್ಚು ನಂಬಿಕೆಗೆ ಅರ್ಹವೆನಿಸಿದೆ.

ಒಂಬತ್ತನೆಯ ಹೆಜ್ಜೆ: ಯಾರಾದರೂ ಎತ್ತಿ ತೋರಿಸಿದಾಗ

ಮೂರು ಮಾತುಗಳನ್ನು ತಡೆಹಿಡಿಯಬೇಕು: ‘ನಾನು ಹಾಗಲ್ಲ’, ‘ತಮಾಷೆಗೆ ಹೇಳಿದ್ದು’, ‘ಅವರಿಗೇ ಬೇಸರವಿಲ್ಲ, ನಿನಗೇನು’. ಇವುಗಳಲ್ಲಿ ಕೊನೆಯದು ತೀರ ದುರ್ಬಲವಾದದ್ದು, ಏಕೆಂದರೆ ದಿನಗೂಲಿ ಕೊಡುವವನ ಮುಂದೆ ಯಾರೂ ಬೇಸರ ತೋರಿಸುವುದಿಲ್ಲ. ‘ಹೌದು, ಹಾಗೆ ಅಂದೆ, ತಪ್ಪಾಯಿತು’ ಎಂದು ಹೇಳಿ ಸರಿಯಾದ ಪದವನ್ನು ಬಳಸಿ ಮಾತು ಮುಂದುವರಿಸಿದರೆ ಸಾಕು. ನೊಂದವರ ಮುಂದೆ ಉದ್ದುದ್ದ ಕ್ಷಮೆ ಕೇಳುತ್ತಾ ನಿಂತರೆ ನಮ್ಮನ್ನು ಸಮಾಧಾನಪಡಿಸುವ ಕೆಲಸವನ್ನೂ ಅವರ ತಲೆಗೇ ಕಟ್ಟಿದಂತಾಗುತ್ತದೆ.

ನೆಂಟರ ನಡುವೆ, ಊಟದ ಪಂಕ್ತಿಯಲ್ಲಿ, ಬೇರೆಯವರು ಇಂಥ ಮಾತನಾಡಿದಾಗ ಏನು ಮಾಡಬೇಕು? ಹಿರಿಯರನ್ನು ಎಲ್ಲರೆದುರು ತಿದ್ದುವುದು ನಮ್ಮಲ್ಲಿ ಕೆಲಸ ಮಾಡುವುದಿಲ್ಲ, ಅವರು ಮತ್ತಷ್ಟು ಗಟ್ಟಿಯಾಗುತ್ತಾರೆ. ‘ಭಾವ, ನಿಮ್ಮ ತೋಟದಲ್ಲಿ ಹಾಗೆ ಆಗಿತ್ತಾ?’ ಎಂಬ ಒಂದು ಪ್ರಶ್ನೆಯಿಂದ ಹೆಚ್ಚಿನ ಕಥೆಗಳು ಬೇರೆ ಯಾರದೋ ತೋಟಕ್ಕೆ ಹೊರಟುಹೋಗುವುದನ್ನು ನಾನು ಕಂಡಿದ್ದೇನೆ.

ಕೊನೆಯ ಹೆಜ್ಜೆ: ನಿಯಮವನ್ನು ಮೊದಲೇ ಬರೆಯುವುದು

ಮನಸ್ಸು ಬದಲಾಗುವವರೆಗೆ ಕಾಯಬಾರದು. ತೀರ್ಮಾನ ತೆಗೆದುಕೊಳ್ಳುವ ಗಳಿಗೆಯಲ್ಲಿ ಮುಖ ಎದುರಿಗಿರುತ್ತದೆ. ಆದುದರಿಂದ ಮುಖ ಕಾಣುವ ಮೊದಲೇ, ಅಂದರೆ ಮಳೆಗಾಲದಲ್ಲಿಯೇ, ಮುಂದಿನ ಕೊಯ್ಲಿನ ನಿಯಮಗಳನ್ನು ಬರೆದಿಡಬೇಕು. ನನ್ನವು ಹೀಗಿವೆ: ಸುಲಿಯುವ ಕೆಲಸಕ್ಕೆ ಒಂದೇ ದರ. ಚಹಾಕ್ಕೆ ಎಲ್ಲರಿಗೂ ಸ್ಟೀಲ್ ಲೋಟ, ತೊಳೆಯುವ ಸರದಿ ನನ್ನದೂ ಸೇರಿ. ಹದಿನೈದು ದಿನ ಕೆಲಸ ಮಾಡಿದ ಯಾರಿಗಾದರೂ ಕೇಳಿದರೆ ಒಂದು ವಾರದ ಕೂಲಿಯಷ್ಟು ಮುಂಗಡ, ಸಹಿ ಎಲ್ಲರದ್ದೂ. ಏನಾದರೂ ಕಾಣೆಯಾದರೆ ಮೊದಲು ನನ್ನ ಕೊಟ್ಟಿಗೆ, ಆಮೇಲೆ ಮಾತು. ಎರಡನೆಯ ನಿಯಮಕ್ಕೆ ಮನೆಯಲ್ಲಿ ಸ್ವಲ್ಪ ಜಗಳವಾಯಿತು, ಲೋಟಗಳು ಸಾಲದೆ ಸಾಗರದ ಪೇಟೆಯಿಂದ ಒಂದು ಡಜನ್ ಹೊಸತು ತರಬೇಕಾಯಿತು.

ಕೊಯ್ಲು ಮುಗಿದು ಲೆಕ್ಕ ಚುಕ್ತಾ ಆದ ದಿನ ಪುಸ್ತಕವನ್ನು ಮೊದಲಿನಿಂದ ಓದಿ, ಮತ್ತೆ ಮತ್ತೆ ಬಂದ ಸಾಲುಗಳ ಕೆಳಗೆ ಗೆರೆ ಎಳೆದು, ಅವುಗಳಿಗೆ ತಕ್ಕಂತೆ ನಿಯಮಗಳನ್ನು ತಿದ್ದಬೇಕು. ನನ್ನ ಈ ಬಾರಿಯ ಪುಸ್ತಕದಲ್ಲಿ ‘ಅವು’ ಹನ್ನೊಂದು ಸಲ ಬಂದಿದೆ, ಅದರಲ್ಲಿ ಒಂಬತ್ತು ಸಲ ಮಳೆ ಬಂದು ಅಂಗಳದ ಅಡಿಕೆ ನೆನೆದ ದಿನವೇ. ಮೊದಲ ಪುಟದಲ್ಲಿರುವ ಆರು ಹೆಸರುಗಳಲ್ಲಿ ಎರಡರ ಉಚ್ಚಾರಣೆಯನ್ನು ಇನ್ನೊಮ್ಮೆ ಅವರಿಂದ ಹೇಳಿಸಿಕೊಳ್ಳಬೇಕಾಗಿದೆ.